ಸ್ವಿದರ್ಗಿಲ್ ಮನೆತನದ ಊರು ಹುಡುಕಿದ ಸರಳಾ

ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ನಿನ ಲೈಬ್ರರಿಯಲ್ಲಿ ಸರಳಾಗೆ ಸಿಕ್ಕಿದ್ದು ಬೇರೆ ಯಾರಿಗೂ ಬೇಡವಾಗಿದ್ದ ಕೆಲಸ. ಅಮೆರಿಕದ ಊರೂರಿನ ಟೆಲಿಫೋನ್ ಡೈರೆಕ್ಟರಿಗಳು ವರ್ಷಕ್ಕೊಮ್ಮೆ ಕಟ್ಟುಗಟ್ಟಲೆ ಬಂದು ನೆಲಮಾಳಿಗೆಯಲ್ಲಿ ಬೀಳುತ್ತಿದ್ದವು. ಹಳೆಯದನ್ನು ಕಪಾಟಿನಿಂದ ಇಳಿಸಬೇಕು, ಹೊಸದನ್ನು ಏರಿಸಬೇಕು. ಒಂದೊಂದೂ ಹಾಲುಗುಂಬಳದಷ್ಟು ಭಾರ. ಸಂಜೆ ಮನೆಗೆ ಬಂದರೆ ಬೆರಳುಗಳೆಲ್ಲ ಅಚ್ಚಿನ ಮಸಿ.

ಅವಳು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಅರವತ್ತೊಂದರ ಜನಗಣತಿಯ ಹೊತ್ತಿಗೆ ಬೆಂಗಳೂರಿನ ಕಚೇರಿಯಲ್ಲಿ ಎರಡು ವರ್ಷ ಕೂತು ಲಕ್ಷಾಂತರ ಚೀಟಿಗಳನ್ನು ವಿಂಗಡಿಸಿದ್ದಳು. ಯಾವ ಹೋಬಳಿಯಲ್ಲಿ ಯಾವ ಹೆಸರು ದಟ್ಟ, ಎಲ್ಲಿಂದ ತೆಳುವಾಗುತ್ತ ಹೋಗುತ್ತದೆ ಎಂಬುದು ಅವಳಿಗೆ ಆಗಲೇ ಕಣ್ಣಂದಾಜಿಗೆ ತಿಳಿಯುತ್ತಿತ್ತು. ಅರವತ್ತೆಂಟರಲ್ಲಿ ಗಂಡ ಬದರೀನಾಥನ ಹಿಂದೆ, ಎರಡು ವರ್ಷದ ಲೀನಾಳನ್ನು ಎತ್ತಿಕೊಂಡು ಡೆಟ್ರಾಯಿಟ್‌ಗೆ ಬಂದಳು. ಅವನಿಗೆ ಕಾರು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ. ಇವಳ ಪದವಿಯನ್ನು ಮಾತ್ರ ಇಲ್ಲಿ ಯಾರೂ ಕೈಗೆತ್ತಿಕೊಂಡು ನೋಡಲಿಲ್ಲ. ಮೂರು ವರ್ಷ ಅಡುಗೆ, ಮಗು, ಹಿಮ ಎಂದು ಕಳೆದ ಮೇಲೆ ಡ್ರೈವಿಂಗ್ ಕಲಿತು, ಮನೆಯಿಂದ ನಾಲ್ಕು ಮೈಲಿ ದೂರದ ಈ ಲೈಬ್ರರಿಗೆ ಸೇರಿಕೊಂಡಳು.

ಎಪ್ಪತ್ತಮೂರರ ಅಕ್ಟೋಬರ್‌ನಲ್ಲಿ ವಾಲ್ಟರ್ ಸ್ವಿದರ್ಗಿಲ್ ಮೆಟ್ಟಿಲಿಳಿದು ಅವಳ ನೆಲಮಾಳಿಗೆಗೆ ಬಂದರು. ಅರವತ್ತೆಂಟು ವರ್ಷದ ಎತ್ತರದ ಮನುಷ್ಯ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಕಡೆದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಗಂಡನ ಹೆಸರು ಇಟ್ಟುಕೊಂಡಿದ್ದಳು. ತಮ್ಮ ಹೆಸರಿನವರು ಇನ್ನೆಲ್ಲಾದರೂ ಇದ್ದಾರೆಯೇ ನೋಡಬೇಕು ಎಂದು ಡೈರೆಕ್ಟರಿ ಕೇಳಿದರು. ಡೆಟ್ರಾಯಿಟ್‌ನ ಪುಸ್ತಕದಲ್ಲಿ ಅವರದೊಂದೇ ಹೆಸರಿತ್ತು. ಅದರಲ್ಲೂ ಒಂದಕ್ಷರ ತಪ್ಪು.

ಮುದುಕ ನಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಕಾರ್ಖಾನೆಯ ಬಿಲ್ಲೆಯಲ್ಲಿ, ಸೈನ್ಯದ ಕಾಗದದಲ್ಲಿ, ಮದುವೆಯ ಪತ್ರದಲ್ಲಿ ಎಲ್ಲೆಲ್ಲಿ ಹೇಗೆ ಹೇಗೆ ತಪ್ಪಾಗಿದೆ ಎಂದು ನಿಧಾನವಾಗಿ ಹೇಳಿದರು. ಅವರ ತಂದೆ ಹೇಳುತ್ತಿದ್ದರಂತೆ, ನಮ್ಮದು ನಿಜವಾದ ಹೆಸರೇ ಅಲ್ಲ, ಹಡಗಿನಿಂದ ಇಳಿದಾಗ ಯಾವನೋ ಗುಮಾಸ್ತ ಬೇರೊಂದು ಹೆಸರನ್ನು ಕೆಡಿಸಿ ಬರೆದದ್ದು ಅಂತ. ಹಿಂದಿನ ವರ್ಷ ಡೆಟ್ರಾಯಿಟ್‌ನಲ್ಲಿ ವಂಶಾವಳಿ ಬರೆದುಕೊಡುವ ಪಂಡಿತರೊಬ್ಬರನ್ನು ಕೇಳಿದಾಗ ಅವರೂ ಅದನ್ನೇ ಹೇಳಿದ್ದರು.

"ಸಾಯುವ ಮುಂಚೆ ಇದೊಂದು ತಿಳಿಯಬೇಕು. ನನಗಿರುವುದು ಹೆಸರೋ, ಯಾರೋ ಮಾಡಿದ ತಪ್ಪೋ?"

ಸರಳಾಗೆ ಆ ಮಾತು ನಾಟಿತು. ಏನಾದರೂ ಹೇಳಬೇಕೆನಿಸಿ, ತಮ್ಮ ಕಡೆ ಊರಿನ ಹೆಸರೇ ಮನುಷ್ಯನ ಹೆಸರಿನ ಮುಂದೆ ನಿಲ್ಲುತ್ತದೆ, ತಾನು ಹಂಪಾಪುರದ ಸುಬ್ಬಣ್ಣನವರ ಮಗಳು, ಓದುವಾಗೆಲ್ಲ ಎಚ್. ಎಸ್. ಸರಳಾ ಆಗಿದ್ದೆ, ಇಲ್ಲಿ ಬಂದ ಮೇಲೆ ಸರಳಾ ಬದರೀನಾಥ್ ಆದೆ ಎಂದಳು.

ವಾಲ್ಟರ್ ಕುರ್ಚಿ ಎಳೆದುಕೊಂಡು ಕೂತರು. "ಅಂದರೆ ನಿಮ್ಮಲ್ಲಿ ಹೆಸರು ಕೇಳಿದರೆ ಊರು ಗೊತ್ತಾಗುತ್ತದೆ."

"ಎಷ್ಟೋ ಸಲ ಗೊತ್ತಾಗುತ್ತೆ."

"ಹಾಗಾದರೆ ನನ್ನದನ್ನೂ ನೋಡಿ."

ಹಾಗೆ ಶುರುವಾಯಿತು. ಲೈಬ್ರರಿಯ ಮೇಲಧಿಕಾರಿ ಹೆಂಗಸು ಕೆಲಸದ ಹೊತ್ತಿನಲ್ಲಿ ಇದೆಲ್ಲ ಬೇಡ ಎಂದು ಮೊದಲೇ ಕಟ್ಟುನಿಟ್ಟು ಮಾಡಿದರು. ಸರಳಾ ಊಟದ ಅರ್ಧ ಗಂಟೆಯನ್ನು ಇದಕ್ಕೆ ಎತ್ತಿಟ್ಟಳು. ಮೊಸರನ್ನದ ಡಬ್ಬಿ ಒಂದು ಕಡೆ, ಡೈರೆಕ್ಟರಿ ಇನ್ನೊಂದು ಕಡೆ. ದಿನಕ್ಕೆ ಹತ್ತು ಊರು. ಎಸ್ ಅಕ್ಷರದಲ್ಲಿ ಆ ಹೆಸರು ಬರಬೇಕಾದ ಪುಟ, ಅದರ ಹಿಂದೆ ಮುಂದೆ ಎರಡೆರಡು ಪುಟ. ಕಾಗುಣಿತ ಬದಲಾಗಿದ್ದರೂ ತಪ್ಪಿಸಿಕೊಳ್ಳಬಾರದು. ಸಿಕ್ಕಿದ್ದಕ್ಕೆಲ್ಲ ಒಂದೊಂದು ಚೀಟಿ, ಜನಗಣತಿ ಕಚೇರಿಯಲ್ಲಿ ಮಾಡುತ್ತಿದ್ದ ಹಾಗೆಯೇ. ಚಳಿಗಾಲವೆಲ್ಲ ಹೀಗೇ ನಡೆಯಿತು. ಕೆಲವು ವಾರ ಒಂದು ಚೀಟಿಯೂ ಹುಟ್ಟುತ್ತಿರಲಿಲ್ಲ.

ಮನೆಯಲ್ಲಿ ಬದರೀನಾಥ ಮೊದಮೊದಲು ತಮಾಷೆ ಮಾಡಿದ. ನಮ್ಮ ನೆಂಟರ ಕಾಗದಕ್ಕೇ ಉತ್ತರ ಬರೆಯದವಳು ಬೇರೆಯವರ ನೆಂಟರನ್ನು ಹುಡುಕ್ತಿದಾಳೆ ಎಂದ. ಆದರೆ ಏಪ್ರಿಲ್‌ನಲ್ಲಿ ಅವಳು ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿ, ಏನೋ ಆಕಾರ ಬರ್ತಿದೆ ರೀ, ಆದರೆ ನನಗೆ ಸರಿಯಾದ ನಕ್ಷೆ ಇಲ್ಲ ಎಂದಾಗ ಅವನೊಳಗಿನ ಇಂಜಿನಿಯರು ಎದ್ದುಬಿಟ್ಟ. ಎರಡು ಶನಿವಾರ ಕೂತು ಮಹಾಸರೋವರಗಳ ಸುತ್ತಲಿನ ರಾಜ್ಯಗಳ ನಕ್ಷೆಯನ್ನು ಮೇಜಿನಷ್ಟು ದೊಡ್ಡದಾಗಿ ಬರೆದುಕೊಟ್ಟ. ಲೀನಾ ಕೆಂಪು ತಲೆಯ ಗುಂಡುಪಿನ್ನುಗಳನ್ನು ಚುಚ್ಚಿದಳು. ಅಮ್ಮ ಕನ್ನಡದಲ್ಲಿ ಊರು ಹೇಳುತ್ತಿದ್ದಳು, ಮಗಳು ಇಂಗ್ಲಿಷಿನಲ್ಲಿ "ಡನ್" ಅನ್ನುತ್ತಿದ್ದಳು.

ಅಮೆರಿಕದಲ್ಲೆಲ್ಲ ಸೇರಿ ನಲವತ್ತೇಳು ಮನೆ. ಇಲಿನಾಯ್‌ನಲ್ಲಿ ಹತ್ತೊಂಬತ್ತು, ಮಿಷಿಗನ್‌ನಲ್ಲಿ ಹದಿನಾಲ್ಕು, ವಿಸ್ಕಾನ್ಸಿನ್‌ನಲ್ಲಿ ಎಂಟು, ಅಯೋವಾದಲ್ಲಿ ನಾಲ್ಕು, ಇನ್ನೆರಡು ದೂರದ ಕ್ಯಾಲಿಫೋರ್ನಿಯಾದಲ್ಲಿ. ಕಾಗುಣಿತ ನಾಲ್ಕು ಬಗೆ. ಪೂರ್ವದ ಬಂದರುಗಳ ಹತ್ತಿರ ಒಂದೂ ಇಲ್ಲ. ಪಿನ್ನುಗಳು ದಟ್ಟವಾಗಿದ್ದದ್ದು ಇಲಿನಾಯ್, ವಿಸ್ಕಾನ್ಸಿನ್, ಅಯೋವಾ ಮೂರೂ ಕೂಡುವ ಮೂಲೆಯಲ್ಲಿ. ಅಲ್ಲಿಂದ ಪೂರ್ವಕ್ಕೆ ಶಿಕಾಗೋದ ಕಡೆ ತೆಳುವಾಗಿ, ಸರೋವರ ಬಳಸಿ ಡೆಟ್ರಾಯಿಟ್ ತನಕ.

"ಆ ಮೂಲೇಲಿ ಏನಿದೆ?" ಎಂದು ಸರಳಾ ಕೇಳಿದಳು.

"ಈಗ ಏನೂ ಇಲ್ಲ. ಹಿಂದೆ ಸೀಸದ ಗಣಿ ಇತ್ತು," ಎಂದ ಬದರೀನಾಥ.

ಅಲ್ಲಿಗೆ ಅವಳಿಗೆ ದಾರಿ ಕಂಡಿತು. ನೂರ ಮೂವತ್ತು ವರ್ಷದ ಹಿಂದೆ ಗಣಿ ಕೆಲಸ ಬಲ್ಲವರು ಇಂಗ್ಲೆಂಡಿನ ಉತ್ತರದ ಸೀಸದ ಕಣಿವೆಗಳಿಂದ ಆ ಮೂಲೆಗೆ ಬಂದಿದ್ದರು ಎಂದು ಪುಸ್ತಕಗಳಲ್ಲಿತ್ತು. ಒಂದು ಶನಿವಾರ ಡೆಟ್ರಾಯಿಟ್‌ನ ದೊಡ್ಡ ಲೈಬ್ರರಿಗೆ ಹೋಗಿ ಇಂಗ್ಲೆಂಡಿನ ಡೈರೆಕ್ಟರಿಗಳನ್ನು ತೆಗೆಸಿದಳು. ವಾಲ್ಟರ್ ಕೂಡ ಬಂದು ಪಕ್ಕದ ಕುರ್ಚಿಯಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತರು. ಲಂಡನ್‌ನಲ್ಲಿ ಇಬ್ಬರು. ಉಳಿದ ಕಡೆ ಅಲ್ಲೊಂದು ಇಲ್ಲೊಂದು. ಸೀಸದ ಗಣಿಗಳಿದ್ದ ಯಾರ್ಕ್‌ಷೈರ್‌ನ ವಾಯವ್ಯ ಭಾಗದ ಪುಸ್ತಕ ತೆರೆದಾಗ ಒಂದರ ಕೆಳಗೊಂದು ಹೆಸರು ಸಾಲುಗಟ್ಟಿ ನಿಂತಿತ್ತು. ಇಡೀ ದೇಶದ ಮೂವತ್ತೆಂಟು ಮನೆಗಳಲ್ಲಿ ಇಪ್ಪತ್ತೊಂಬತ್ತು ಒಂದೇ ಕಣಿವೆಯವು. ಅವಳು ಪುಸ್ತಕವನ್ನು ವಾಲ್ಟರ್ ಕಡೆ ತಿರುಗಿಸಿದಳು. ಅವರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿದರು, ಮತ್ತೆ ಓದಿದರು. ಇಪ್ಪತ್ತೊಂಬತ್ತಕ್ಕೂ ಕಾಗುಣಿತ ಸರಿಯಾಗಿತ್ತು.

ಅಷ್ಟಕ್ಕೆ ಪಂಡಿತರು ಒಪ್ಪಲಿಲ್ಲ. ವಾಲ್ಟರ್ ಸಂಭ್ರಮದಿಂದ ಬರೆದ ಕಾಗದಕ್ಕೆ ಅವರು ಉತ್ತರಿಸಿದ್ದು ನೇರವಾಗಿ ಲೈಬ್ರರಿಗೆ. ಇಂಗ್ಲಿಷ್ ಹೆಸರುಗಳ ಶಾಸ್ತ್ರ ತಿಳಿಯದ ಭಾರತೀಯ ಮಹಿಳೆಯೊಬ್ಬರು ವಯಸ್ಸಾದವರಲ್ಲಿ ಇಲ್ಲದ ಆಸೆ ಹುಟ್ಟಿಸುತ್ತಿದ್ದಾರೆ, ಆ ಹೆಸರಿನ ಊರು ಇಂಗ್ಲೆಂಡಿನ ಯಾವ ನಕ್ಷೆಯಲ್ಲೂ ಇಲ್ಲ ಎಂದು ಬರೆದಿದ್ದರು. ಮೇಲಧಿಕಾರಿ ಆ ಕಾಗದವನ್ನು ಸರಳಾಳ ಮುಂದಿಟ್ಟರು. ಅವಳು ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಮನೆಗೆ ಬಂದು ಗಂಡನ ಹತ್ತಿರ ಕೆಲಸ ಬಿಡ್ತೀನಿ ಎಂದಳು.

ಬದರೀನಾಥ ಸಮಾಧಾನ ಹೇಳಲಿಲ್ಲ. "ಲೆಕ್ಕ ತಪ್ಪಾಗಿದ್ಯಾ?" ಎಂದು ಕೇಳಿದ.

"ಇಲ್ಲ."

"ಮತ್ಯಾಕೆ ಬಿಡ್ತೀಯ? ತಪ್ಪು ಅಂತ ತೋರಿಸ್ಬೇಕಾದೋರು ಅವರು."

ಅವಳು ಬಿಡಲಿಲ್ಲ. ಪಂಡಿತರಿಗೆ ಒಂದು ಹಾಳೆಯ ಉತ್ತರ ಬರೆದಳು. ಬಂದರಿನ ಗುಮಾಸ್ತ ಕೆಡಿಸಿದ ಹೆಸರಾಗಿದ್ದರೆ ಅದು ಬಂದರಿನ ಈಚೆಗೆ ಮಾತ್ರ ಇರಬೇಕು, ಆಚೆಗೆ ಇಪ್ಪತ್ತೊಂಬತ್ತು ಮನೆ ಹೇಗೆ ಬಂತು ಎಂದು ಕೇಳಿ, ಕೆಳಗೆ ಅಂಕಿಗಳ ಪಟ್ಟಿ ಹಚ್ಚಿದಳು. ಕೋಪದ ಮಾತು ಒಂದೂ ಇರಲಿಲ್ಲ. ಆಮೇಲೆ ಆ ಇಪ್ಪತ್ತೊಂಬತ್ತು ಮನೆಗೂ, ಕಣಿವೆಯ ಚರ್ಚಿಗೂ, ಶಾಲೆಗೂ ಒಂದೊಂದು ಕಾಗದ ಹಾಕಿದಳು. ನಿಮ್ಮ ಸುತ್ತಮುತ್ತ ಈ ಹೆಸರಿನ ಹಳ್ಳಿ, ಹೊಲ, ಬಂಡೆ, ತೊರೆ ಏನಾದರೂ ಇದೆಯೇ ಎಂಬುದೊಂದೇ ಪ್ರಶ್ನೆ.

ಚರ್ಚಿನ ಪಾದ್ರಿಗಳು ಅಂಥ ಊರಿಲ್ಲ ಎಂದು ಬರೆದರು. ಆದರೆ ಸಾವಿರದ ಆರುನೂರ ಏಳರ ದಾಖಲೆಯಲ್ಲಿ ಜಾನ್ ಸ್ವಿದರ್ಗಿಲ್ ಎಂಬವನ ಮಗುವಿಗೆ ಹೆಸರಿಟ್ಟದ್ದು ಇದೆ ಎಂದೂ ಸೇರಿಸಿದ್ದರು. ಉಳಿದ ಕಾಗದಗಳಲ್ಲಿ ನೆಂಟಸ್ತಿಕೆಯ ಮಾತು, ಫೋಟೊ. ಎಂಟು ತಿಂಗಳಾದ ಮೇಲೆ ಆ ಶಾಲೆಯ ಮೇಷ್ಟ್ರಿಂದ ಒಂದು ದಪ್ಪ ಲಕೋಟೆ ಬಂತು. ಅವರ ಶಾಲೆಯ ಮಕ್ಕಳು ಮನೆಮನೆಯ ಮುದುಕರನ್ನು ಕೇಳಿದ್ದರು. ಕುರಿ ಕಾಯುವ ಒಬ್ಬ ಅಜ್ಜ, ಹಳೆಯ ಸೀಸದ ಗಣಿಯ ಹಿಂದೆ ಒಂದು ಕೊರಕಲು ಇದೆ, ಅದರಲ್ಲಿ ತೊರೆ ಹರಿಯುತ್ತದೆ, ನಮ್ಮಪ್ಪ ಅದನ್ನು ಸ್ವಿದರ್ಗಿಲ್ ಅನ್ನುತ್ತಿದ್ದ ಎಂದಿದ್ದನಂತೆ. ಮೇಷ್ಟ್ರು ಹತ್ತಿ ನೋಡಿ ಬಂದಿದ್ದರು. ಛಾವಣಿಯಿಲ್ಲದ ಎರಡು ಕಲ್ಲುಮನೆ, ಒಂದು ಮುರಿದ ಕುರಿದೊಡ್ಡಿ. ಹಳೆಯ ಹೊಲನಕ್ಷೆಯಲ್ಲೂ ಹೆಸರು ಸಿಕ್ಕಿತ್ತು. ಅದರ ಪ್ರತಿ ಲಕೋಟೆಯಲ್ಲಿತ್ತು. ಆ ಸೀಮೆಯ ಹಳೇ ಮಾತಿನಲ್ಲಿ ಗಿಲ್ ಎಂದರೆ ತೊರೆಯ ಕೊರಕಲು, ಮೊದಲ ಭಾಗ ಸುಟ್ಟು ಬಯಲು ಮಾಡಿದ ನೆಲದ ಮಾತಿರಬೇಕು ಎಂದು ಮೇಷ್ಟ್ರು ಊಹಿಸಿದ್ದರು.

ಸರಳಾ ಅಡುಗೆಮನೆಯಲ್ಲಿ ನಿಂತೇ ಓದಿದಳು. "ರೀ, ನಮ್ಮ ಕಡೆ ಕುಮರಿ ಅಂತಾರಲ್ಲ, ಕಾಡು ಸುಟ್ಟು ಹೊಲ ಮಾಡೋದು, ಅದೇ. ಇವರದು ಕುಮರಿಹಳ್ಳ."

ಆ ಸಂಜೆಯೇ ಗಂಡ ಹೆಂಡತಿ ವಾಲ್ಟರ್ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋದರು. ಮುದುಕ ಹೊಲನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು. "ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು," ಎಂದಷ್ಟೇ ಹೇಳಿದರು. ಆಮೇಲೆ ಫೋನೆತ್ತಿ ಉಳಿದ ನಲವತ್ತಾರು ಮನೆಗಳಿಗೆ ಒಂದೊಂದಾಗಿ ಮಾತಾಡಲು ಶುರುಮಾಡಿದವರು ವಾರಗಟ್ಟಲೆ ನಿಲ್ಲಿಸಲಿಲ್ಲ.

ಎಪ್ಪತ್ತಾರರ ಜುಲೈಯಲ್ಲಿ, ಅಮೆರಿಕ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬಿದ ಗದ್ದಲದ ನಡುವೆ, ಆ ಹೆಸರಿನವರೆಲ್ಲ ಶಿಕಾಗೋದಾಚೆಯ ಪ್ಲೇನ್‌ಫೀಲ್ಡ್‌ನಲ್ಲಿ ಕೂಡಿದರು. ಅಲ್ಲಿ ಅವರಲ್ಲೊಬ್ಬರ ಜೋಳದ ಹೊಲ, ದೊಡ್ಡ ಅಂಗಳ. ಸರಳಾ ಮುನ್ನೂರು ಮೈಲಿ ದಾರಿಯುದ್ದಕ್ಕೂ ಅಲ್ಲಿ ಮಾಡಬೇಕಿದ್ದ ಇಂಗ್ಲಿಷಿನ ಭಾಷಣವನ್ನು ಮನಸ್ಸಿನಲ್ಲೇ ಉರುಹೊಡೆಯುತ್ತ ಬಂದಳು. ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದಳು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತೆರಡು ಡಿಗ್ರಿ ಸೆಕೆ. ಎದುರಿಗೆ ಅರವತ್ತಮೂರು ಜನ ಸ್ವಿದರ್ಗಿಲ್‌ಗಳು ಮಡಿಸುವ ಕುರ್ಚಿಗಳಲ್ಲಿ ಕೂತಿದ್ದರು. ಎದ್ದು ನಿಂತಾಗ ಭಾಷಣ ಮರೆತುಹೋಯಿತು.

ಆಗ ಅವಳು ಅವರನ್ನೇ ಎಬ್ಬಿಸಿದಳು. ಬಟ್ಟೆ ಒಣಹಾಕುವ ತಂತಿ ಮಿಷಿಗನ್ ಸರೋವರ, ಕೊಟ್ಟಿಗೆಯ ಮೂಲೆ ಸೀಸದ ಗಣಿ, ಮಣ್ಣಿನ ಗಾಡಿದಾರಿ ಅಟ್ಲಾಂಟಿಕ್ ಸಾಗರ, ಅದರಾಚೆಯ ಮೇಪಲ್ ಮರ ಇಂಗ್ಲೆಂಡಿನ ಆ ಕಣಿವೆ ಎಂದು ತೋರಿಸಿದಳು. ಮೊದಲು ನೀವೀಗ ಇರುವಲ್ಲಿ ನಿಲ್ಲಿ ಎಂದಳು. ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಜನ ಅಂಗಳದ ತುಂಬ ಹರಡಿಕೊಂಡರು. ಈಗ ನಿಮ್ಮ ತಂದೆ ಹುಟ್ಟಿದ ಕಡೆಗೆ ಹೋಗಿ. ಮಿಷಿಗನ್‌ನವರು ತಂತಿ ಬಳಸಿ ಈಚೆ ಬಂದರು. ಈಗ ಅಜ್ಜ. ಕೊಟ್ಟಿಗೆಯ ಮೂಲೆ ತುಂಬತೊಡಗಿತು. ಅಜ್ಜನ ಅಪ್ಪ, ಅವನ ಅಪ್ಪ. ಎಲ್ಲರೂ ಸಾಲಾಗಿ ಮಣ್ಣುದಾರಿ ದಾಟಿ ಮರದ ಕೆಳಗೆ ಹೋಗಿ ಒತ್ತೊತ್ತಾಗಿ ನಿಂತರು.

ಅಂಗಳದಲ್ಲಿ ಒಬ್ಬನೇ ಉಳಿದ. ಜೋಲಿಯೆಟ್‌ನಿಂದ ಬಂದಿದ್ದ ಮೂವತ್ತರ ಹರೆಯದವನು. ತನ್ನನ್ನು ಅನಾಥಾಲಯದಿಂದ ದತ್ತು ತಂದದ್ದು, ಈ ದಾರಿ ತನ್ನದಲ್ಲ ಎಂದು ಮೆಲ್ಲಗೆ ಹೇಳಿದ. ಸರಳಾ ವಾಲ್ಟರ್ ಕಡೆ ನೋಡಿದಳು. ಅವರು ಮರದಡಿಯಿಂದ ಹೊರಟು ದಾರಿ ದಾಟಿ ಬಂದು ಅವನ ತೋಳು ಹಿಡಿದರು.

"ಜೀವನವಿಡೀ ಈ ಹೆಸರಿನ ಕಾಗುಣಿತ ಹೇಳಿ ಹೇಳಿ ಸುಸ್ತಾಗಿದ್ದೀಯೋ ಇಲ್ಲವೋ?"

ಅವನು ಹೌದೆಂದ. "ಮತ್ತೆ ಬಾ," ಎಂದು ಕರೆದುಕೊಂಡು ಹೋದರು. ಸರಳಾ ತನ್ನ ಪಟ್ಟಿಯಲ್ಲಿ ಅವನ ಹೆಸರನ್ನು ಅಳಿಸದೆ ಹಾಗೇ ಬಿಟ್ಟಳು.

ಮರುವರ್ಷ ಆ ಪಟ್ಟಿ ಮತ್ತು ನಕ್ಷೆ ಮಿಷಿಗನ್‌ನ ಒಂದು ಸಣ್ಣ ಇತಿಹಾಸ ಸಂಘದ ಪತ್ರಿಕೆಯಲ್ಲಿ ಹನ್ನೊಂದು ಪುಟ ಅಚ್ಚಾದವು. ನಕ್ಷೆಯ ಕೆಳಗೆ ಬದರೀನಾಥನ ಹೆಸರು, ಪಿನ್ನು ಚುಚ್ಚಿದ್ದಕ್ಕೆ ಲೀನಾಳದೂ. ಪಂಡಿತರು ಆ ಸಂಚಿಕೆಯ ಎರಡು ಪ್ರತಿ ತರಿಸಿಕೊಂಡರೆಂದು ಸಂಪಾದಕರೇ ಹೇಳಿದರು. ಲೈಬ್ರರಿಯ ಮೇಲಧಿಕಾರಿ ಸರಳಾಳನ್ನು ನೆಲಮಾಳಿಗೆಯಿಂದ ಮೇಲಕ್ಕೆ ಕರೆಸಿ, ಕಿಟಕಿಯ ಪಕ್ಕ ಮೇಜು ಹಾಕಿಸಿ, ಹೆಸರು ಮತ್ತು ಮನೆತನಗಳ ವಿಚಾರಣೆ ಎಂದು ಫಲಕ ಇಡಿಸಿದರು. ಫಿನ್ನಿಷ್ ಅಜ್ಜಿಯರು, ಪೋಲಿಷ್ ಕಟುಕರು, ಅಲಬಾಮಾದಿಂದ ಬಂದ ಕಾರ್ಖಾನೆ ಕೆಲಸಗಾರರು ಆ ಮೇಜಿನ ಮುಂದೆ ಸಾಲು ನಿಂತರು. ಎಲ್ಲರಿಗೂ ಉತ್ತರ ಸಿಗುತ್ತಿರಲಿಲ್ಲ. ಸಿಗದಿದ್ದಾಗ ಇಲ್ಲವೆಂದು ನೇರವಾಗಿ ಹೇಳುತ್ತಿದ್ದಳು, ಆದರೆ ಹುಡುಕದೆ ಯಾರನ್ನೂ ಕಳಿಸಲಿಲ್ಲ. ಕನ್ನಡದವರ ಮನೆಗಳಲ್ಲಿ ಯಾರಾದರೂ ಆಂಟಿ ಎಲ್ಲಿ ಕೆಲಸ ಮಾಡ್ತಾರೆ ಎಂದು ಕೇಳಿದರೆ, ಬದರೀನಾಥ ಅವಳಿಗಿಂತ ಮೊದಲೇ ಬಾಯಿ ಹಾಕಿ, ಕುರ್ಚಿ ಎಳೆದು ಕೂತು, ಸೀಸದ ಗಣಿಯಿಂದ ಕಥೆ ಶುರುಮಾಡುತ್ತಿದ್ದ.