ಜಡೆ ಹಾಕಿ ಕಳಿಸಿದವಳು

ನಿನ್ನೆ ಸಂಜೆ ಮಗಳ ಕೋಣೆಗೆ ಕಾಫಿ ತೆಗೆದುಕೊಂಡು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಹಳೇ ಪುಸ್ತಕದ ವಾಸನೆ. ಗೋಂದು, ಧೂಳು, ಯಾರದೋ ಮನೆಯ ಮುಚ್ಚಿದ ಬೀರು, ಎಲ್ಲ ಸೇರಿದ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಮಂಚದ ಮೇಲೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿ ಬೋರಲಾಗಿ ಮಲಗಿತ್ತು. ರಟ್ಟಿನ ಮೇಲೆ ಉರಿಯುತ್ತಿರುವ ಕೋಟೆ, ಅದರ ಮುಂದೆ ಕೈಯೆತ್ತಿ ನಿಂತ ಏಳು ಜನ.

ಅವರೇ. ಏಳೂ ಜನ ಅವರೇ.

"ಫ್ರೆಂಡ್ ಕೊಟ್ಳು ಅಮ್ಮ, ಅವರಪ್ಪನ ಕಾಲದ್ದಂತೆ," ಎಂದಳು ಮಗಳು. "ಈಗಷ್ಟೇ ಕೋಟೆಗೋಡೆ ಬಿತ್ತು. ಮಿಕ್ಕಿದ್ದನ್ನ ನಾಳೆ ರಿಸಲ್ಟ್ ನೋಡ್ಕೊಂಡು ಓದ್ತೀನಿ. ಈಗ ತಲೆಗೇ ಹೋಗ್ತಿಲ್ಲ."

ಅವಳ ಎರಡನೇ ಪಿಯುಸಿ ರಿಸಲ್ಟು. ಅದಕ್ಕೆ ನನಗೆ ವಾರದಿಂದ ಅನ್ನ ಸೇರುತ್ತಿಲ್ಲ. ಈಗ ಇದೊಂದು. ಗೋಡೆ ಬಿದ್ದಲ್ಲಿ ನಿಲ್ಲಿಸುವುದೇ? ನೋಡಿ, ನಾನು ಎಂ.ಎ. ಮಾಡಿದವಳು. ಸರಸ್ವತಿಪುರಂನ ಟ್ಯುಟೋರಿಯಲ್ಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ರಾಹುಕಾಲದಲ್ಲೇ ಸೈಟಿನ ರಿಜಿಸ್ಟ್ರೇಷನ್ ಮಾಡಿಸಿದವಳೆಂದು ನೆಂಟರ ಬಾಯಿಗೆ ಬಿದ್ದವಳು. ಅಂಥವಳು ಕಾಫಿ ಕೊಡುವುದನ್ನೂ ಮರೆತು ಲೋಟ ಹಿಡಿದುಕೊಂಡೇ ನಿಂತೆ.

ಈ ಪುಸ್ತಕವನ್ನು ನಾನು ಹೂಟಗಳ್ಳಿಯ ನಮ್ಮ ಶೀಟಿನ ಮನೆಯಲ್ಲಿ ಓದಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮುಖ ನೋಡಿದ ಮೊದಲನೆಯವಳು ನಾನು. ಇದನ್ನು ಹೇಳುವಾಗ ಈಗಲೂ ಕೊಂಚ ಎದೆ ಸೆಟೆಯುತ್ತದೆ, ಸೆಟೆಯಲಿ. ಅಪ್ಪ ಗಾರೆ ಕೆಲಸದವನು. ಅವನ ಬೆನ್ನು ಕೈಕೊಟ್ಟ ವರ್ಷ ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಅವಳು ಪಕ್ಕದ ಹೆಬ್ಬಾಳದ ಫ್ಯಾಕ್ಟರಿಯೊಂದರ ಪ್ಯಾಕಿಂಗಿಗೆ ಸೇರಿದಳು, ನನ್ನ ಓದು ಮುಂದುವರಿಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಬೆಳಿಗ್ಗೆ ಎದ್ದಾಗ ಅವಳ ಕೈಯಲ್ಲಿ ಬುತ್ತಿ ಡಬ್ಬಿ ಇತ್ತು, ನನ್ನ ಕೈಯಲ್ಲಿ ಪುಸ್ತಕದ ಚೀಲ ಇತ್ತು, ಅಷ್ಟೇ.

ಬಿ.ಎ. ಕೊನೆಯ ವರ್ಷ ಬೇರೆಲ್ಲ ಪಾಸಾಗಿ ಇಂಗ್ಲಿಷ್ ಒಂದು ಉಳಿದುಬಿಟ್ಟಿತು. ಮತ್ತೆ ಕಟ್ಟಿದೆ. ಈ ಸಲವೂ ಹೋದರೆ ಮದುವೆ ಎಂದು ಅಪ್ಪ ಹೇಳಿಯಾಗಿತ್ತು, ಗಂಡಿನ ಕಡೆಯವರು ಒಮ್ಮೆ ಬಂದು ಕಾಫಿ ಕುಡಿದೂ ಆಗಿತ್ತು. ಕಾಲೇಜಿನ ಮೇಷ್ಟ್ರು, "ದಪ್ಪದೊಂದು ಇಂಗ್ಲಿಷ್ ಪುಸ್ತಕ ಹಿಡಿದು ಕೊನೇ ತನಕ ಓದಮ್ಮ, ಯಾವುದಾದ್ರೂ ಸರಿ," ಎಂದರು. ಯಾವುದಾದರೂ ಎಂದದ್ದನ್ನು ನಾನು ಹಾಗೇ ನಂಬಿದೆ. ಫುಟ್‌ಪಾತಿನ ರಾಶಿಯಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದನ್ನು ಎತ್ತಿಕೊಂಡು ಬಂದೆ. ಮುಂದಿನ ರಟ್ಟು ನೋಡಿ ಮರುಳಾದವಳು ಹಿಂದೆ ತಿರುಗಿಸಿ ನೋಡಲಿಲ್ಲ.

ಕಥೆ ಏನೆಂದರೆ, ಬಡಗಣ ದಿಕ್ಕಿನಿಂದ ಒಂದು ಕತ್ತಲು ಹೊರಟಿದೆ. ಅದು ಬಂದ ಊರಿನಲ್ಲಿ ದೀಪ ಹತ್ತುವುದಿಲ್ಲ. ಅದನ್ನು ತಡೆಯಲು ಲೋಕದಲ್ಲಿ ಏಳೇ ಏಳು ಜನ, ಹುಟ್ಟುತ್ತಲೇ ಅಂಗೈಯಲ್ಲಿ ಗುರುತಿದ್ದವರು. ಒಬ್ಬನಿಗೆ ನೀರು ಮಾತು ಕೇಳುತ್ತದೆ, ಒಬ್ಬಳಿಗೆ ಗಾಳಿ. ಎಲ್ಲರಿಗಿಂತ ಚಿಕ್ಕವಳು ಬೆಂಕಿಯವಳು. ಅವಳ ಕಷ್ಟವೆಂದರೆ ಒಬ್ಬಳೇ ಇದ್ದಾಗ ಬೆಂಕಿ ಬರುತ್ತದೆ, ನಾಲ್ಕು ಜನ ನೋಡುತ್ತಿದ್ದರೆ ಬರುವುದಿಲ್ಲ. ನನ್ನ ಇಂಗ್ಲಿಷಿನ ಹಾಗೆ.

ಸಂಜೆ ಹೊತ್ತು ಅಕ್ಕ, ಅವ್ವ ಅವರೆಕಾಯಿ ಹಿಡಿದು ಕೂತರೆ ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲ ದಿನವೇ 'ಮಂತ್ರವಾದಿಗಳು' ಎಂದುಬಿಟ್ಟೆ. ಅವ್ವ ಮೊರ ಕೆಳಗಿಟ್ಟಳು.

"ನಿಂಬೆಹಣ್ಣು ಮಂತ್ರಿಸೋರ ಪುಸ್ತಕ ಮನೆ ಒಳಕ್ಕೆ ತಂದ್ಯಾ? ಪರೀಕ್ಸೆ ಹೊತ್ನಾಗೆ?"

"ಅಂಥೋರಲ್ಲ ಕಣವ್ವ. ಇವ್ರು ಒಳ್ಳೆಯೋರು. ವರ್ಷಗಟ್ಲೆ ಓದಿ ಮಂತ್ರ ಕಲ್ತಿರ್ತಾರೆ."

"ಡಿಗ್ರಿ ಮಾಡಿರೋ ಮಂತ್ರವಾದಿಗಳು ಅನ್ನು," ಎಂದಳು ಅಕ್ಕ. "ಇವ್ಳಂಗೆ ಎಷ್ಟು ಸಲ ಕಟ್ಟವ್ರೋ ಕೇಳವ್ವ."

ಅವ್ವ ಒಪ್ಪಿದಳು, ಆದರೆ ಅವಳದೇ ಕಟ್ಟಳೆಯ ಮೇಲೆ. ಶ್ರಾವಣದಲ್ಲಿ ಅವಳ ತವರಿನ ಬೀದಿಯಲ್ಲಿ ಹಿರಿಯರು ಪುರಾಣ ಓದಿಸುತ್ತಿದ್ದರು. ಅಲ್ಲಿ ಆಪತ್ತಿನ ಜಾಗದಲ್ಲಿ ಓದು ನಿಲ್ಲಿಸುವಂತಿರಲಿಲ್ಲ. ಕಾಡಿಗೆ ಹೋದವರು ಒಂದು ನೆರಳು ಸೇರಬೇಕು, ಗಾಯವಾದವರು ಕಣ್ಣು ಬಿಡಬೇಕು, ಆಮೇಲೆ ಆರತಿ, ಬೆಲ್ಲ. ನಡುವೆ ಬಿಟ್ಟರೆ ಆ ಆಪತ್ತು ಓದಿದವರ ಮನೆಯಲ್ಲಿ ಉಳಿದುಬಿಡುತ್ತದೆ. "ಆ ಕೂಸು ಹೊಳೆ ನಡುವೆ ನಿಂತದೆ, ಅಂಗೇ ಬುಟ್ಬುಟ್ಟು ಎದ್ದೀಯಾ? ದಡ ಹತ್ಸು ಮೊದ್ಲು!" ಎನ್ನುವಳು. ಕೂಸನ್ನು ದಡ ಹತ್ತಿಸಲು ಕೆಲವು ದಿನ ನಾಲ್ಕು ಪುಟ ಬೇಕಾಗುತ್ತಿತ್ತು. ಹೀಗೆ ನನ್ನ ಇಂಗ್ಲಿಷು ಅವ್ವನ ಹೆದರಿಕೆಯಿಂದ ಬೆಳೆಯಿತು. ಅದೂ ಎಂಥ ಇಂಗ್ಲಿಷು! ಹಾಲು ಉಕ್ಕಿತು ಅನ್ನಲು ಬರುತ್ತಿರಲಿಲ್ಲ, ಕೋಟೆಯ ಮೇಲಿಂದ ಶತ್ರುವಿನ ತಲೆಗೆ ಕಾದೆಣ್ಣೆ ಸುರಿದರು ಎಂದು ನಿದ್ದೆಯಲ್ಲೂ ಹೇಳಬಲ್ಲವಳಾಗಿದ್ದೆ.

ಅಕ್ಕನಿಗೆ ಯುದ್ಧದ ಮೇಲೆ ಆಸೆಯಿರಲಿಲ್ಲ. ಕಥೆಯ ಮೊದಲಲ್ಲೇ, ಬೆಂಕಿಯವಳನ್ನು ಕರೆದೊಯ್ಯಲು ಬಂದಾಗ, ಅವಳ ಅಕ್ಕ ಹೊಸಿಲಲ್ಲಿ ಕೂತು ಜಡೆ ಹಾಕಿ ಕಳಿಸುತ್ತಾಳೆ. ಎರಡು ಸಾಲಿನ ಮಾತು. ನನ್ನ ಅಕ್ಕ ಅದನ್ನು ಹಿಡಿದಳು.

"ಜಡೆ ಹಾಕಿ ಕಳ್ಸಿದ್ಳಲ್ಲ, ಅವ್ಳು ಏನ್ ಮಾಡ್ತಾವ್ಳೆ ಈಗ?"

"ಅವಳ ಕಥೆ ಮುಂದೆ ಬರೋಲ್ಲ ಕಣೇ."

"ಅದೆಂಗೆ ಬರಾಕಿಲ್ಲ? ಕತ್ಲೆ ಅವ್ಳ ಊರಿಗೂ ಬಂದಿರ್ಬೇಕಲ್ಲ. ಅವ್ಳು ದೀಪ ಹಚ್ಚಾಕೆ ಏನ್ ಮಾಡಿದ್ಳು?"

ಪ್ರತಿ ಸಂಜೆ ಇದೇ. ಒಂದು ದಿನ ಅವ್ವ, "ಆ ಏಳ್ ಜನನ್ನ ಆರಿಸ್ದೋರು ಯಾರು?" ಎಂದು ಕೇಳಿದಳು. ಯಾರೂ ಇಲ್ಲ, ಕೈಯಲ್ಲಿ ಗುರುತಿತ್ತು ಅಂದೆ. ಅಕ್ಕ ತನ್ನ ಅಂಗೈ ಬಿಡಿಸಿ ಬಲ್ಬಿನ ಬೆಳಕಿಗೆ ಹಿಡಿದಳು. ಪ್ಯಾಕಿಂಗ್ ಪಟ್ಟಿ ಕೊಯ್ದ ಗೆರೆಗಳು. "ನಂದ್ರಾಗೂ ಅದೆ ಗುರ್ತು. ನಾನ್ ಎಂಟ್ನೆಯೋಳು," ಎಂದು ನಕ್ಕಳು. ನಾನು ಪುಟ ತಿರುಗಿಸಿದೆ.

ಪರೀಕ್ಷೆಯ ದಿನ ಅವಳು ಮೊದಲನೇ ಶಿಫ್ಟಿನ ಬಸ್ಸು ಬಿಟ್ಟು ನನಗೆ ಜಡೆ ಹಾಕಿ ಕಳಿಸಿದ್ದಳು. ಬರೆದು ಬಂದೆ. ಕಾಯುವ ದಿನಗಳು ಶುರುವಾದವು. ಅವ್ವ ಬಸ್ಸಿನ ಹಾರನ್ನಿಗೂ ಬೆಚ್ಚುತ್ತಿದ್ದಳು. ರಿಸಲ್ಟಿನ ಹಿಂದಿನ ಸಂಜೆ ಕಥೆಯಲ್ಲಿ ಕೋಟೆಗೋಡೆ ಬಿತ್ತು. ಆರು ಜನ ಕಲ್ಲಿನಡಿ. ಬೆಂಕಿಯವಳೊಬ್ಬಳೇ ಎದ್ದು ನಿಂತು, ಇಡೀ ಸೈನ್ಯ ನೋಡುತ್ತಿರುವಾಗ ಕೈಯೆತ್ತಿದಳು. ಬೆಂಕಿ ಬರಲಿಲ್ಲ. ಪುಟ ತಿರುಗಿಸಿದರೆ ಹಿಂದಿನ ರಟ್ಟು! ಕೊನೆಯ ಹಾಳೆಗಳು ಬುಡಸಮೇತ ಕಿತ್ತುಹೋಗಿದ್ದವು.

"ಓದು," ಎಂದಳು ಅವ್ವ.

"ಇಲ್ಲ ಅವ್ವ. ಇಷ್ಟೇ ಇರೋದು."

ಅವಳ ಮುಖದ ಬಣ್ಣ ಇಳಿದದ್ದನ್ನು ನೋಡಿದೆ. "ಬೆಳಗಾದ್ರೆ ನಿನ್ ರಿಜಲ್ಟು. ಇಂಗೆ ನಿಂತ್ರೆ ಎಂಗೆ? ಏನಾರಾ ಹೇಳಿ ಮುಗ್ಸು. ಓದ್ದೋಳಲ್ವಾ ನೀನು!"

ಹೇಳಬಹುದಿತ್ತು. ಗೆದ್ದಳು ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ, ಒಂದು ಮಾತೂ ಹೊರಡಲಿಲ್ಲ. ನಾಳೆ ನನ್ನ ನಂಬರು ಇಲ್ಲದ ಕಾಲೇಜಿನ ಬೋರ್ಡು, ಅಪ್ಪನ ಮುಖ, ಕಾಫಿ ಕುಡಿದು ಹೋದವರ ಚಪ್ಪಲಿ ಸದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಅವರಿಬ್ಬರೂ ನನ್ನನ್ನೇ ನೋಡುತ್ತಿದ್ದರು.

ಅಕ್ಕ ಅವರೆಕಾಳು ಹಿಚುಕುತ್ತ, ತಲೆ ಎತ್ತದೆ, "ಅಷ್ಟೊತ್ಗೆ ಅವ್ಳ ಅಕ್ಕ ಬಂದ್ಬುಟ್ಳು," ಎಂದಳು.

"ಯಾವ ಅಕ್ಕ?"

"ಜಡೆ ಹಾಕಿ ಕಳ್ಸಿದೋಳು. ಕತ್ಲೆ ಊರಿಗೆ ಬಂದ್ ಮೇಲೆ ಸುಮ್ನೆ ಕೂತಿರ್ತಾಳಾ? ಯಾರೂ ಕರೀಲಿಲ್ಲ, ಅವ್ಳೇ ನಡ್ಕೊಂಡು ಬಂದ್ಳು. ನೋಡ್ತಾಳೆ, ತಂಗಿ ತಲೆ ಕೆದರ್ಕೊಂಡು ನಿಂತವ್ಳೆ. 'ಕೂತ್ಕೊಳೇ ಇಲ್ಲಿ, ಕೂದ್ಲೆಲ್ಲ ಕಣ್ಣಿಗ್ ಬಿದ್ದದೆ. ಕಣ್ಣೇ ಕಾಣ್ದಿದ್ರೆ ಬೆಂಕಿ ಎಲ್ಗೆ ಬುಡ್ತೀಯಾ?' ಅಂದ್ಳು. ಸೈನ್ಯದ ಮುಂದೇನೇ ಕೂರ್ಸ್ಕೊಂಡು ಜಡೆ ಹಾಕಿದ್ಳು. ಆ ಕಡೆಯೋರು ಇದೇನಪ್ಪ ಅಂತ ನೋಡ್ತಾ ನಿಂತ್ಬುಟ್ರು. ಜಡೆ ಮುಗೀತು, ಇವ್ಳು ಎದ್ಳು. ಬಂತು ನೋಡು ಬೆಂಕಿ!"

ಅವ್ವ ನಗುತ್ತ ಅತ್ತಳು. ಆರತಿ ಆಯಿತು, ಬೆಲ್ಲ ಹಂಚಿದ್ದಾಯಿತು. ಮರುದಿನ ಬೋರ್ಡಿನಲ್ಲಿ ನನ್ನ ನಂಬರಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನನ್ನ ಎಂ.ಎ. ಹೇಳುತ್ತದೆ. ನಾನು ಅದರ ಜೊತೆ ವಾದಕ್ಕೆ ಹೋಗುವುದಿಲ್ಲ.

ನಿನ್ನೆ ಮಗಳ ಮಂಚದ ಮೇಲಿದ್ದ ಪುಸ್ತಕಕ್ಕೆ ಕೊನೆಯ ಹಾಳೆಗಳಿದ್ದವು. ಎಷ್ಟೋ ವರ್ಷ ನೋಡಬೇಕೆಂದಿದ್ದದ್ದು ಕೈಗೆ ಬಂದಾಗ ಭಯವಾಯಿತು. ಹೂಟಗಳ್ಳಿಯಲ್ಲೇ ಇರುವ ಅಕ್ಕನಿಗೆ ಫೋನು ಮಾಡಿದೆ. "ನೋಡ್ಲಾ ಅಕ್ಕ?" ಎಂದೆ.

"ನಾನ್ ಮುಗ್ಸಿಲ್ವೇನೇ ಅವತ್ತೇ? ಇನ್ನೇನ್ ನೋಡ್ತೀಯಾ," ಎಂದು ಬೈದಳು. "ಮಗು ಊಟ ಮಾಡ್ತಾ?"

ಆದರೂ ನೋಡಿದೆ. ಬೆಂಕಿ ಬರುತ್ತದೆ, ಆಕಾಶದಿಂದ ಏನೋ ಮಿಂಚು ಹೊಡೆದು. ಅಕ್ಕ ಇಲ್ಲ. ಹೆಸರೂ ಇಲ್ಲ. ಮಗಳನ್ನು ಎದುರು ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಗೋಡೆ ಬಿತ್ತು, ಚಿಕ್ಕವಳು ಕೈಯೆತ್ತಿದಳು. ಅಲ್ಲಿಂದ ಕನ್ನಡಕ್ಕೆ ಹೊರಳಿದೆ. "ಅಷ್ಟೊತ್ತಿಗೆ ಅವಳ ಅಕ್ಕ ಬಂದಳು..."

"ಅಮ್ಮ, ಇದು ಅದ್ರಲ್ಲಿ ಇಲ್ಲ," ಎಂದಳು ಮಗಳು, ಪುಟದ ಮೇಲೆ ಬಗ್ಗಿ.

"ಇರಬೇಕಿತ್ತು. ನೀನು ಕೇಳು."

ಕೊನೆಯವರೆಗೂ ಕೇಳಿದಳು. ನಗಲಿಲ್ಲ.

ಇದನ್ನು ಬೆಳಿಗ್ಗೆ ಬರೆಯುತ್ತಿದ್ದೇನೆ. ರಿಸಲ್ಟ್ ಇನ್ನೂ ಬಂದಿಲ್ಲ. ಮಗಳು ಹಜಾರದಲ್ಲಿ ಮೊಬೈಲು ಹಿಡಿದು ಕೂತಿದ್ದಾಳೆ, ಪುಟ ತೆರೆಯುತ್ತಿಲ್ಲವಂತೆ. ನಾನು ಏನು ಹೇಳಿದರೂ ಸಿಡುಕುತ್ತಾಳೆ, ಆದ್ದರಿಂದ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಈಗ ಗೇಟಿನ ಚಿಲಕದ ಸದ್ದು. ಕಿಟಕಿಯಿಂದ ನೋಡಿದರೆ ಅಕ್ಕ. ನಾನು ಬಾ ಎಂದಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವಳು ನನ್ನ ಕಡೆ ನೋಡಲೂ ಇಲ್ಲ, ರಿಸಲ್ಟ್ ಏನಾಯ್ತೆಂದು ಕೇಳಲೂ ಇಲ್ಲ, ಸೀದಾ ಮಗಳ ಮುಂದೆ ಹೋಗಿ ನಿಂತಳು.

"ಏನೇ ಇದು, ತಲೆ ಕೆದರ್ಕೊಂಡು ಕೂತಿದ್ದೀಯಾ? ಬಾಚಣಿಗೆ ತಗಂಬಾ."