ನೋಡಲು ಬಂದವರಿಗಾಗಿ ಮಲಗಿದ ಬೆನ್ನು

ಅಮ್ಮನ ಬೆನ್ನಿನ ಆಪರೇಷನ್ ಪುತ್ತೂರಿನಲ್ಲಿ ಚೆನ್ನಾಗಿಯೇ ಆಯಿತು. ಹಾಳಾದದ್ದು ಆಮೇಲೆ, ಮರ್ಕಂಜದ ನಮ್ಮ ಮನೆಯ ಮಂಚದ ಮೇಲೆ.

ಮನೆಗೆ ಕಳಿಸುವ ದಿನ ಡಾಕ್ಟರು ಬಿಡಿಸಿ ಹೇಳಿದ್ದರು. "ಹೊರಗಿನ ಗಾಯ ಬೇಗ ಒಣಗ್ತದೆ ಅಮ್ಮ. ಒಳಗೆ ಮಾಯುವಾಗ ಹಲಸಿನ ಮೇಣದ ಹಾಗೆ ಒಂದು ಅಂಟು ಮಾಂಸ ಬೆಳೀತದೆ. ಕಾಲಿನ ನರ ಅದರ ಪಕ್ಕದಲ್ಲೇ ಉಂಟು. ಅಲ್ಲಾಡದೆ ಬಿದ್ದುಕೊಂಡ್ರೆ ನರ ಅದಕ್ಕೆ ಹಿಡ್ಕೊಳ್ಬಹುದು. ಮತ್ತೆ ನೋವು ಬಿಡುದು ಕಷ್ಟ." ಬಗ್ಗಬಾರದು, ಭಾರ ಎತ್ತಬಾರದು, ಆದರೆ ಆಗಾಗ ಎದ್ದು ಸ್ವಲ್ಪ ಸ್ವಲ್ಪ ನಡೆಯಬೇಕು, ಮಲಗಿದಾಗ ಕಾಲನ್ನು ನಿಧಾನವಾಗಿ ಎತ್ತಿ ಇಳಿಸಬೇಕು. ಇಷ್ಟೇ. ನನಗೆ ಅರ್ಥವಾಯಿತು. ಅಮ್ಮನಿಗೂ ಅರ್ಥವಾಗಿತ್ತು, ಆ ಮಾತನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೀಡಿ ಕಟ್ಟಿ ಓದಿಸಿದಳು. ಬೀಡಿ ಎಲೆಯ ಮೇಲೆ ಬಾಗಿ ಬಾಗಿಯೇ ಆ ಬೆನ್ನು ಸವೆದದ್ದು. ಅದನ್ನು ನೆಟ್ಟಗೆ ನಿಲ್ಲಿಸಿಯೇ ಸಿದ್ಧ ಎಂಬ ಹಠ ನನ್ನದು.

ಅಮ್ಮನ ಹಠ ಬೇರೆ ಇತ್ತು. ನಮ್ಮಲ್ಲಿ ಮದುವೆಯ ಮುನ್ನಾದಿನ ಹತ್ತಿರದ ಹೆಂಗಸರೆಲ್ಲ ಸೇರಿ ತರಕಾರಿ ಹೆಚ್ಚಬೇಕು. ಯಾರು ಬಂದರು ಎಂಬುದಕ್ಕಿಂತ ಯಾರು ಬರಲಿಲ್ಲ ಎಂಬುದನ್ನು ವರ್ಷಗಟ್ಟಲೆ ನೆನಪಿಡುತ್ತಾರೆ. ಬೆಳ್ಳಾರೆಯ ಅತ್ತೆ, ಅಂದರೆ ಅಪ್ಪನ ತಂಗಿ, ಆಪರೇಷನ್ನಿಗೆ ಮೊದಲು ಮಗಳ ಮದುವೆ ಮಾಡಿದಾಗ ಅಮ್ಮನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಮುನ್ನಾದಿನ ಹೋಗಲಿಲ್ಲ. ಮದುವೆಗೆ ಹೇಗೋ ಹೋಗಿ ಊಟಕ್ಕೆ ಕುಳಿತಳು. ಅತ್ತೆ ಪಂಕ್ತಿಯ ನಡುವೆ ನಿಂತು, "ನಮ್ಮ ಅತ್ತಿಗೆಗೆ ಸೌತೆಕಾಯಿ ಕಂಡ್ರೆ ಮಾತ್ರ ಬೆನ್ನು ನೋವು ಮಾರಾಯ್ರೆ. ಪಾಯಸ ಕಂಡ್ರೆ ಎಂತದೂ ಇಲ್ಲ!" ಎಂದಳು. ಪಂಕ್ತಿಯೇ ನಕ್ಕಿತು. ಅಮ್ಮನೂ ನಕ್ಕಳು, ಎಲೆ ನೋಡುತ್ತ.

ಅದಕ್ಕೇ ಆಪರೇಷನ್ ಆದ ಮೇಲೆ ಅವಳಿಗೆ ವಾಸಿಯಾಗುವುದಕ್ಕಿಂತ ಮೊದಲು ಎಲ್ಲರ ಕಣ್ಣಿಗೆ ರೋಗಿಯಾಗಬೇಕಿತ್ತು.

ನನಗೆ ಸುಳ್ಯದ ಆಫೀಸಿನಲ್ಲಿ ಸಿಕ್ಕಿದ ರಜೆ ಬೇಗ ಮುಗಿಯಿತು. ಹಗಲು ಅಮ್ಮ ಒಬ್ಬಳೇ. ನೋಡಲು ಬರುವವರು ಬ್ರೆಡ್ಡು, ಮುಸುಂಬಿ ಹಿಡಿದು ಬರುತ್ತಿದ್ದರು. ಸಂಜೆ ಬಂದು ನೋಡಿದರೆ ಮೇಜಿನ ಮೇಲೆ ಬ್ರೆಡ್ಡಿನ ರಾಶಿ, ಮಂಚದ ಮೇಲೆ ಅಮ್ಮ.

"ನಡೆದಿಯಾ?"

"ಹೇಗೆ ನಡೆಯುದು? ಜನ ಬರ್ತಾರಲ್ಲ."

"ಬಂದರೆ ಎಂತ?"

"ಅಂಗಳದಲ್ಲಿ ತಿರುಗುವವಳನ್ನು ನೋಡಿದ್ರೆ ಎಂತ ಹೇಳ್ತಾರೆ? ಆಪರೇಷನ್ನೂ ಸುಳ್ಳು ಅಂತಾರೆ."

ಯಾರು ಯಾವಾಗ ಬರುತ್ತಾರೋ ಗೊತ್ತಿಲ್ಲ. ಹಾಗಾಗಿ ನಾನು ಬಸ್ಸು ಹತ್ತಿದ ಮೇಲೆ ಅವಳು ಏಳುತ್ತಲೇ ಇರಲಿಲ್ಲ. ಬಂದವರ ಕೈಯಲ್ಲಂತೂ ಬ್ರೆಡ್ಡು, ಬಾಯಲ್ಲಿ ಸತ್ತವರ ಸುದ್ದಿ. ಕಡಬದಿಂದ ಬಂದ ಒಬ್ಬಾಕೆ, "ಬೆನ್ನಿಗೆ ಕತ್ತಿ ತಾಗಿದ್ರೆ ಮುಗೀತು. ನಮ್ಮಲ್ಲಿ ಒಬ್ಬರು ಹಾಗೇ ಹೋದ್ರು" ಎಂದು ಹೇಳಿ, ಚಹಾ ಕೇಳಿ ಕುಡಿದು ಹೋದಳಂತೆ.

ಒಂದು ಭಾನುವಾರ ಅತ್ತೆಯೇ ಬಂದಳು. ಇವತ್ತು ತೀರ್ಮಾನ ಆಗಲಿ ಎಂದು ನಾನು ಅಮ್ಮನನ್ನು ಎಬ್ಬಿಸಿ, ಅತ್ತೆಯ ಕಣ್ಣೆದುರೇ ಜಗಲಿಯಲ್ಲಿ ನಡೆಸಿದೆ. ಎರಡು ಹೆಜ್ಜೆ ಸರಿಯಾಗಿಯೇ ಇಟ್ಟಳು. ಅತ್ತೆ ಹುಬ್ಬು ಏರಿಸಿದಳು.

"ಹೋ, ಅತ್ತಿಗೆ ನೆಟ್ಟಗೆ ನಡೀತಾರಲ್ಲ! ನಾನು ಸುಮ್ಮನೆ ಬಸ್ಸು ಹತ್ತಿ ಬಂದೆ."

ಅಷ್ಟು ಸಾಕಾಯಿತು. ಅಮ್ಮ ನನ್ನ ಕೈ ಕೊಡವಿ ಕಂಬ ಹಿಡಿದು, "ಅಯ್ಯೋ, ಇವಳು ನನ್ನನ್ನು ಕೊಲ್ತಾಳೆ" ಎಂದು ನರಳಿದಳು.

ಅತ್ತೆಯ ಮುಖ ಅರಳಿತು. "ಬಿಡು ಮಾರಾಯ್ತಿ, ಹೆತ್ತ ತಾಯಿ ಅವರು. ನಿನ್ನ ಬಿ.ಕಾಂ.ನಲ್ಲಿ ಬೆನ್ನಿನ ಪಾಠವೂ ಉಂಟಾ?"

"ಪಾಠ ಡಾಕ್ಟರದ್ದು. ನೀವು ಬರುದು ನಿಲ್ಲಿಸಿದ್ರೆ ಅಮ್ಮ ನಡೀತಾರೆ" ಎಂದೆ.

ಆ ಮಾತು ನನಗಿಂತ ಮೊದಲು ಸುಳ್ಯ ಮುಟ್ಟಿತು. ತಾಯಿಯನ್ನು ಹೊಡೆದು ನಡೆಸುವ ಮಗಳು ಎಂದಾಯಿತು. ಪಾಪದವಳನ್ನು ನೋಡಲು ಬರುವವರು ಇನ್ನೂ ಹೆಚ್ಚಾದರು. ಅಮ್ಮ ಮಂಚದಿಂದ ಬೆನ್ನು ಎತ್ತಲಿಲ್ಲ. ಬೆಳಿಗ್ಗೆ ನಾನು ಹಿಡಿದು ನಡೆಸುತ್ತಿದ್ದದ್ದೂ ನಿಂತಿತು. ಕೈ ಮುಟ್ಟಿದರೆ ಸಾಕು, ಪಕ್ಕದ ಮನೆಗೆ ಕೇಳುವ ಹಾಗೆ ಕೂಗುತ್ತಿದ್ದಳು.

ಪುನಃ ತೋರಿಸಲು ಪುತ್ತೂರಿಗೆ ಹೋದಾಗ ಡಾಕ್ಟರು ಅವಳ ಕಾಲನ್ನು ಮೆಲ್ಲಗೆ ಎತ್ತಿದರು. ಸ್ವಲ್ಪ ಎತ್ತುವಷ್ಟರಲ್ಲಿ ಅಮ್ಮ ಚೀರಿದಳು. ಈ ಸಲ ಚೀರಿದ್ದು ಯಾರಿಗೂ ಕೇಳಿಸಲೆಂದು ಅಲ್ಲ. ಅದು ನನಗೆ ಗೊತ್ತಾಯಿತು. ಆಮೇಲೆ ಸ್ಕ್ಯಾನ್ ಮಾಡಿಸಿ ನೋಡಿ, ನರದ ಸುತ್ತ ಅಂಟು ಹಿಡಿದಿದೆ ಎಂದರು.

"ಪುನಃ ಕೊಯ್ದು ಬಿಡಿಸ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೆ?" ಎಂದೆ.

"ಕೊಯ್ದರೆ ಅಲ್ಲಿ ಪುನಃ ಅದೇ ಬೆಳೀತದೆ. ಇನ್ನಾದ್ರೂ ನಡೆಸಿ, ಕಾಲಿನ ವ್ಯಾಯಾಮ ಮಾಡಿಸಿ. ಸ್ವಲ್ಪ ಕಡಿಮೆ ಆಗಬಹುದು. ಪೂರ್ತಿ ಅಂತ ನಾನು ಹೇಳುದಿಲ್ಲ."

ಬಸ್ಸಿನಲ್ಲಿ ಅಮ್ಮ ಒಂದು ಪಕ್ಕಕ್ಕೆ ವಾಲಿ ಕುಳಿತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಅತ್ತೆಗೊಂದು ಫೋನು ಮಾಡು" ಎಂದಳು.

"ಎಂತ ಹೇಳುದು?"

"ನೋವು ನಿಜ ಅಂತ ಹೇಳು. ಸ್ಕ್ಯಾನಿನಲ್ಲಿ ಬಂದಿದೆ ಅಂತ ಹೇಳು."

ಮಾಡಿದೆ. ಬಸ್ಸಿನ ಗಲಾಟೆಗೆ ಸ್ಪೀಕರ್ ಹಾಕಿ ಹೇಳಿದೆ. ಅತ್ತೆ ಪೂರ್ತಿ ಕೇಳಿದಳು.

"ಅಯ್ಯೋ ಪಾಪ. ನಾನು ಅವತ್ತೇ ಹೇಳಿದೆ ಅಲ್ವಾ, ನಡೆಸ್ಬೇಡ ಅಂತ?"

ಅಮ್ಮ ನನ್ನ ಮುಖ ನೋಡುತ್ತ, ಹೌದೆಂದು ತಲೆಯಾಡಿಸಿದಳು.