ಕುರಿದೊಡ್ಡಿಯ ಬಾಗಿಲಿಗೆ ನಿಂತ ಅಪ್ಪ

ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಆದರೆ ನಾನು ಹುಟ್ಟಿದಾಗ ನಮ್ಮೂರು ಇಂಡಿಯಾದಲ್ಲಿ ಇರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಎಲ್ಲವೂ ನಿಜಾಮರ ಸೀಮೆ. ಶಾಲೆಯ ಪಾಠ ಉರ್ದುವಿನಲ್ಲಿ, ಕಚೇರಿಯ ಕಾಗದ ಉರ್ದುವಿನಲ್ಲಿ, ಅವ್ವನ ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ. ಗೋಗಿಗೆ ಹೊಲದ ದಾರಿ ಹಿಡಿದು ನಡೆದೇ ಹೋಗುವಷ್ಟು ಹತ್ತಿರದ ಸಣ್ಣ ಊರು ನಮ್ಮದು. ಕುರಿ ಕಾಯುವವರ ಮನೆತನದ ಮಗಳು ನಾನು.

ಅಪ್ಪ ಮಲ್ಲಪ್ಪ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ ಮೈಲಾರಲಿಂಗನ ಭಂಡಾರವನ್ನು, ಅಂದರೆ ಅರಿಶಿನದ ಪುಡಿಯನ್ನು, ಹಣೆಗೆ ಬಳಿದುಕೊಂಡು ‘ಏಳುಕೋಟಿ’ ಎಂದು ಕೈಮುಗಿಯುತ್ತಿದ್ದ. ಆಮೇಲೆ ಕುರಿ, ಹೊಲ. ಬಿಸಿಲೇರಿದ ಮೇಲೆ ಕಂಬಳಿಯ ಮಗ್ಗ. ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ, ಹಸಿ ಉಣ್ಣೆ, ಅರಿಶಿನ, ಈ ಮೂರರ ವಾಸನೆ ಕೂಡಿದರೆ ಅದು ನಮ್ಮಪ್ಪ. ರವಿವಾರ ಸೂರ್ಯ ಮುಳುಗುವತನಕ ನೀರೂ ಮುಟ್ಟುತ್ತಿರಲಿಲ್ಲ. ಆದರೂ ನಮ್ಮ ಗಂಗಾಳಕ್ಕೆ ರೊಟ್ಟಿ, ಪುಂಡಿಪಲ್ಯ ತಾನೇ ಬಡಿಸುತ್ತಿದ್ದ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದರೆ ಅವ್ವ ಬೈಯುತ್ತಿದ್ದಳು. ಅಪ್ಪ ಮಾತ್ರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ದೇವರ ಹೆಸರು ಹೇಳುತ್ತ ಹೇಳುತ್ತ ತೆಗೆದೇ ಬಿಡುತ್ತಿದ್ದ.

ಅಪ್ಪನ ಉಣ್ಣೆ ಹಿಂಜುತ್ತಿದ್ದವನು ಪಕ್ಕದ ಓಣಿಯ ಪಿಂಜಾರ ಹುಸೇನಸಾಬ. ಅವನು ಹಿಂಜುವ ಬಿಲ್ಲಿನ ಟುಂಯ್ ಟುಂಯ್ ಸದ್ದಿನಲ್ಲೇ ನಮ್ಮ ಮಧ್ಯಾಹ್ನ ಕಳೆಯುತ್ತಿತ್ತು. ಅವನ ಮಗಳು ಮಾಬೂಬಿ ನನ್ನ ಜೋಡಿ; ಆಣಿಕಲ್ಲಿನ ಆಟದಲ್ಲಿ ಅವಳನ್ನು ಸೋಲಿಸಿದ ನೆನಪೇ ನನಗಿಲ್ಲ. ಹೆಂಡತಿ ತೀರಿಹೋದ ಮೇಲೆ ಅವನ ಮನೆ ನಡೆಸುತ್ತಿದ್ದವಳು ಮುದುಕಿ ತಾಯಿ. ಗೋಗಿಯ ದರ್ಗಾಕ್ಕೆ ಹೋದಾಗಲೆಲ್ಲ ಅಪ್ಪ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದು ಮೊದಲ ಚಿಟಿಕೆಯನ್ನು ಆ ಮುದುಕಿಯ ಅಂಗೈಗೆ ಹಾಕುತ್ತಿದ್ದ.

ಇಂಡಿಯಾಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ ಕೆಟ್ಟದಾಗಿತ್ತು. ನಿಜಾಮರ ಪರ ಬಂದೂಕು ಹಿಡಿದವರು ಊರೂರು ಸುತ್ತಿದರು. ಪಕ್ಕದೂರಿನಲ್ಲಿದ್ದ ಅವ್ವನ ತಮ್ಮ ಸಿದ್ಧಪ್ಪನ ಮನೆ ಅವರಿಟ್ಟ ಬೆಂಕಿಗೆ ಕಾಳಿನ ಸಮೇತ ಬೂದಿಯಾಯಿತು. ಮಳೆಗಾಲದ ಕೊನೆಗೆ ಸಜ್ಜೆ ತೆನೆ ಹಿಡಿದಿದ್ದಾಗ ಇಂಡಿಯಾದ ಮಿಲಿಟರಿ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಊರಬಾಗಿಲ ಅಗಸೆಯ ಮುಂದೆ ಸಕ್ಕರೆ ಹಂಚಿದರು. ನಾನೂ ಮಾಬೂಬಿಯೂ ಎರಡು ಸಲ ಹೋಗಿ ತಿಂದೆವು. ಆದರೆ ಸಕ್ಕರೆಯ ಹಿಂದೆಯೇ ಸೇಡೂ ಬಂತು. ಬಂದೂಕಿನವರು ಓಡಿಹೋಗಿದ್ದರು, ಅವರ ಧರ್ಮದವರೆಂಬ ಒಂದೇ ಕಾರಣಕ್ಕೆ ಏನೂ ಮಾಡದವರ ಮನೆಗಳಿಗೆ ಜನ ನುಗ್ಗುತ್ತಿದ್ದಾರೆಂಬ ಸುದ್ದಿ ಹಬ್ಬಿತು.

ಅಪ್ಪ ಯಾರನ್ನೂ ಕೇಳಲಿಲ್ಲ. ಮುಂಜಾನೆ ದೇವರಿಗೆ ಕೈಮುಗಿದು ಹೊರಟವನು ಹುಸೇನಸಾಬನನ್ನೂ ಮಾಬೂಬಿಯನ್ನೂ ಕರೆದುಕೊಂಡು, ಮುದುಕಿಯನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೊಲದ ಕುರಿದೊಡ್ಡಿಗೆ ಬಂದ. ಹಿಂದೆ ಅವ್ವ, ರೊಟ್ಟಿಯ ಗಂಟು ಹೊತ್ತು ನಾನು. ಜಾಲಿಮುಳ್ಳಿನ ಬೇಲಿಯ ಒಳಗೆ ಕುರಿಗಳ ನಡುವೆ ಅವರನ್ನು ಕೂರಿಸಿ, ಅಪ್ಪ ಭಂಡಾರದ ಚೀಲ ಬಿಚ್ಚಿದ. ಹಚ್ಚಲೋ ಬೇಡವೋ ಎಂದು ಅವನ ಕೈ ತಡೆದದ್ದನ್ನು ಕಂಡು ಮುದುಕಿಯೇ ತಲೆ ಮುಂದೆ ಮಾಡಿದಳು.

“ಹಚ್ಚಪ್ಪಾ. ನಿನ್ನ ದೇವ್ರು ನನಗ ಗೊತ್ತಿಲ್ಲದವನೇನು?”

ಮೂವರ ಹಣೆಯೂ ಹಳದಿಯಾಯಿತು. ನನಗೂ ಮಾಬೂಬಿಗೂ ಅದೊಂದು ಹೊಸ ಆಟವೆನಿಸಿತು. ಕುರಿಮರಿಯ ಹಣೆಗೂ ಹಚ್ಚಿ ನಗುತ್ತಿದ್ದೆವು.

ನಗು ನಿಂತದ್ದು ಮಧ್ಯಾಹ್ನ. ಬಡಿಗೆ, ಕೊಡಲಿ ಹಿಡಿದ ಗುಂಪೊಂದು ಸಜ್ಜೆಯ ಹೊಲ ಸೀಳಿಕೊಂಡು ಬಂತು. ಮುಂದೆ ಇದ್ದವನು ಸಿದ್ಧಪ್ಪ. ಅವ್ವನ ಸ್ವಂತ ತಮ್ಮ, ನಾಗರಪಂಚಮಿಗೆ ಅವಳನ್ನು ತವರಿಗೆ ಕರೆಯಲು ಬರುತ್ತಿದ್ದವನು. ಅಪ್ಪ ಹೊರಗೆ ಹೋಗಿ ದೊಡ್ಡಿಯ ಬಾಗಿಲಿಗೆ ನಿಂತ. ನಾನು ಒಳಗೆ ಮಾಬೂಬಿಯ ಕೈ ಹಿಡಿದು ಮುಳ್ಳಿನ ಸಂದಿಯಿಂದ ನೋಡುತ್ತಿದ್ದೆ.

ಸಿದ್ಧಪ್ಪ ಜೋರು ಮಾಡಲಿಲ್ಲ. ಅಕ್ಕನ ಗಂಡನೊಡನೆ ಜಗಳ ಅವನಿಗೂ ಬೇಡವಾಗಿತ್ತೋ ಏನೋ. “ಮಾವ, ಒಳಗ ಯಾರೂ ಇಲ್ಲಂತ ಬಂಡಾರ ಮುಟ್ಟಿ ಹೇಳು. ನಾವು ಹಂಗ ತಿರುಗಿ ಹೋಗ್ತೀವಿ” ಎಂದ.

ಒಂದೇ ಒಂದು ಸುಳ್ಳು ಸಾಕಿತ್ತು. ಅವ್ವನ ಕಣ್ಣುಗಳು ಹೇಳು, ಹೇಳು ಎನ್ನುತ್ತಿದ್ದವು. ಅಪ್ಪ ಚೀಲಕ್ಕೆ ಕೈ ಹಾಕಿ ಭಂಡಾರ ಹಿಡಿದ.

“ಅದಾರ” ಎಂದ. “ಹುಸೇನಸಾಬ ಅದಾನ, ಅವನ ತಾಯಿ ಅದಾಳ, ಕೂಸು ಐತಿ. ಅವರ ಹಣಿಗೆ ಬಂಡಾರ ಹಚ್ಚಿ ದೇವರ ಕೈಯಾಗ ಕೊಟ್ಟೀನಿ. ಬೇಕಂದ್ರ ದೇವರನ್ನ ಕೇಳು, ನನ್ನ ಕೇಳಬ್ಯಾಡ.”

“ನನ್ನ ಮನಿ ಸುಟ್ಟಾರ, ಮಾವ.”

“ಸುಟ್ಟಾರ. ಬೆಂಕಿ ಆರಿಸಾಕ ನಾನೂ ಬಂದಿದ್ದೆ. ನನ್ನ ಬಾಜೂಕ ಕೊಡ ಹೊತ್ತು ಓಡ್ಯಾಡಿದಾಂವ ಯಾರಂತ ನೆಪ್ಪ ಐತೇನು ನಿನಗ?”

ಆ ಕೊಡ ಹೊತ್ತವನು ಹುಸೇನಸಾಬನೇ ಎಂಬುದು ಸಿದ್ಧಪ್ಪನಿಗೆ ಗೊತ್ತಿತ್ತು. ಗುಂಪಿನಲ್ಲಿದ್ದ ಬಹಳ ಮಂದಿಯ ಹಣೆಯ ಮೇಲೂ ಅದೇ ಹಳದಿ ಇತ್ತು. ಒಬ್ಬ ಹಿರಿಯ ಕೊಡಲಿಯನ್ನು ನೆಲಕ್ಕೆ ಇಳಿಸಿದ, ಕಾಲಿನ ಕೆರ ಬಿಟ್ಟು ದೊಡ್ಡಿಯ ಕಡೆ ಕೈಮುಗಿದ, ಬಂದ ದಾರಿಯಲ್ಲೇ ನಡೆದ. ಅವನ ಹಿಂದೆ ಒಬ್ಬೊಬ್ಬರೇ ಹೋದರು. ಕೊನೆಗೆ ಉಳಿದವನು ಸಿದ್ಧಪ್ಪ. ಅವ್ವ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಹೋದಳು. ಅವನು ಮುಟ್ಟದೆ ಹೊರಟುಹೋದ.

ಒಂದು ಸುಳ್ಳು ಹೇಳಿದ್ದರೆ ತನ್ನ ತವರು ಉಳಿಯುತ್ತಿತ್ತಲ್ಲ ಎಂದು ಅವ್ವ ಅಂದು ಅತ್ತಳು. ಅಪ್ಪ ಅವಳ ಪಕ್ಕ ಕೂತು ಮೆಲ್ಲಗೆ ಹೇಳಿದ: “ಸುಳ್ಳು ಹೇಳಿದ್ರ ನಾಳಿ ಮತ್ತ ಬಂದು ಕೇಳ್ತಿದ್ರು. ಖರೇ ಹೇಳೀನಿ, ಇನ್ನ ಕೇಳಾಕ ಏನೂ ಉಳಿದಿಲ್ಲ.”

ಊರು ತಣ್ಣಗಾಗುವತನಕ ಹುಸೇನಸಾಬನ ಮನೆಯವರು ನಮ್ಮ ಜೊತೆಗೇ ಇದ್ದರು. ಬಿಲ್ಲಿನ ಸದ್ದು ಪಕ್ಕದ ಓಣಿಯಲ್ಲಿ ಮತ್ತೆ ಕೇಳಿಸಿದ ದಿನ ಅಪ್ಪ ಮಗ್ಗ ನಿಲ್ಲಿಸಿ ‘ಏಳುಕೋಟಿ’ ಎಂದು ಕೈಮುಗಿದ. ಆದರೆ ಅವ್ವನ ತವರಿನ ದಾರಿ ಮುಚ್ಚಿತು. ಪಂಚಮಿ ಬಂದಾಗಲೆಲ್ಲ ಅವಳು ಎಳ್ಳುಂಡಿ ಕಟ್ಟಿ, ಅಗಸೆಯ ತನಕ ಹೋಗಿ ನಿಂತು ಬರುತ್ತಿದ್ದಳು. ತವರಿನವರು ತೊಡಿಸಬೇಕಾದ ಹೊಸ ಬಳೆಯನ್ನು ಅಪ್ಪ ತಾನೇ ಅವಳಿಗೆ ತೊಡಿಸಿಕೊಂಡು ಬರುತ್ತಿದ್ದ.

ನನ್ನ ಮದುವೆ ನಿಶ್ಚಯವಾದ ವರ್ಷ ಸಿದ್ಧಪ್ಪ ಮಾವ ಬಂಡಿಯಲ್ಲಿ ಹತ್ತಿ ಹೇರಿಕೊಂಡು ಊರಿಗೆ ಬಂದ. ನಮ್ಮ ಮನೆಗೆ ಬರಲಿಲ್ಲ. ನೇರ ಹುಸೇನಸಾಬನ ಬಾಗಿಲಿಗೆ ಹೋಗಿ, ಅಕ್ಕನ ಮಗಳ ಮದುವೆಗೆ ಗಾದಿ ಆಗಬೇಕೆಂದು ಕೇಳಿದ. ಹುಸೇನಸಾಬ ಹತ್ತಿ ಹಿಂಜಿ ಹೊಲಿಯುವತನಕ ಕಟ್ಟೆಯ ಮೇಲೆ ಕೂತಿದ್ದು, ಮುದುಕಿ ಕೊಟ್ಟ ಚಹಾ ಕುಡಿದು, ಆಮೇಲೆ ಗಾದಿ ಹೊತ್ತು ನಮ್ಮ ಹೊಸ್ತಿಲಿಗೆ ಬಂದ. ಅವ್ವ ಕಾಲಿಗೆ ನೀರು ಕೊಟ್ಟಳು, ಅವನು ತೊಳೆದುಕೊಂಡ.

ಆ ಹೊಲಕ್ಕೆ ಈಗ ಕಾಲುವೆಯ ನೀರು ಬಂದಿದೆ. ಕುರಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಭತ್ತ ಬೆಳೆಯುತ್ತದೆ, ಕಂಬಳಿ ನೇಯುವವರು ಊರಲ್ಲಿ ಯಾರೂ ಇಲ್ಲ. ಅಪ್ಪನಂಥವರು ಎಲ್ಲಿ ಸಿಗುತ್ತಾರೆ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಹುಡುಕಿದರೆ ಇಂದೂ ಒಬ್ಬರು ಸಿಕ್ಕಾರು ಎನ್ನುತ್ತೇನೆ ನಾನು. ಆಮೇಲೆ ಎಷ್ಟು ಹುಡುಕಿದರೂ ನನಗೆ ಸಿಗದವರು ಬೇರೆಯವರು. ಮನೆ ಸುಟ್ಟ ಸಿಟ್ಟಿನಲ್ಲಿ ಬಂದಿದ್ದರೂ, ಒಬ್ಬ ಕುರಿಗಾಹಿಯ ಮಾತು ಕೇಳಿ ತಲೆತಗ್ಗಿಸಿ ತಿರುಗಿ ಹೋದರಲ್ಲ, ಅವರು.